ಪರಿಮಳಕ್ಕಾಗಿಯೇ ಬೆಳೆಸಿದ ಇಂಗ್ಲಿಷ್ ಗುಲಾಬಿ

ಗುಲಾಬಿ ಗಿಡ ತರುವವರು ಸಾಮಾನ್ಯವಾಗಿ ಬಣ್ಣ ನೋಡಿ ತರುತ್ತಾರೆ. ನನಗೆ ಬೇಕಾಗಿದ್ದದ್ದು ಪರಿಮಳ. ಹೂಗುಚ್ಛಕ್ಕೆ ಬರುವ ಉದ್ದ ದಂಟಿನ ಗುಲಾಬಿಗಳನ್ನು ಮೂಗಿಗೆ ಹಿಡಿದಾಗಲೆಲ್ಲ ಹಸಿ ಎಲೆಯ ವಾಸನೆ ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ. ಅದು ಆ ಹೂಗಳ ಕೊರತೆಯೇನಲ್ಲ. ದೂರ ಸಾಗಿಸಿದರೂ ಬಾಡಬಾರದು, ಹೂದಾನಿಯಲ್ಲಿ ಹೆಚ್ಚು ದಿನ ನಿಲ್ಲಬೇಕು, ದಂಟು ನೆಟ್ಟಗಿರಬೇಕು ಎಂದು ಆರಿಸಿ ಆರಿಸಿ ಬೆಳೆಸಿದ ತಳಿಗಳವು. ಆ ಆಯ್ಕೆಯಲ್ಲಿ ಪರಿಮಳಕ್ಕೆ ಜಾಗವಿರಲಿಲ್ಲ. ಕೈತೋಟಕ್ಕೆ ಆ ಗುಣಗಳ ಹಂಗಿಲ್ಲ. ಹಾಗಾಗಿ ಯಾವ ಗಿಡ ತಂದರೆ, ಎಲ್ಲಿ ನೆಟ್ಟರೆ, ಯಾವ ಹೊತ್ತಿಗೆ ನನಗೆ ಪರಿಮಳ ದಕ್ಕುತ್ತದೆ ಅನ್ನುವುದನ್ನೇ ಮುಂದಿಟ್ಟುಕೊಂಡು ಹುಡುಕಾಟ ಶುರು ಮಾಡಿದೆ.

ಹುಡುಕುತ್ತಾ ಹೋದರೆ ಮತ್ತೆ ಮತ್ತೆ ಎದುರಾದದ್ದು ಡೇವಿಡ್ ಆಸ್ಟಿನ್ ಹೆಸರು. ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ಆಲ್‌ಬ್ರೈಟನ್‌ನಲ್ಲಿ ಇದ್ದ ಈತ (1926–2018) ಹಳೆಯ ಗುಲಾಬಿಗಳ ಮೋಹಕ್ಕೆ ಬಿದ್ದವರು. ಗ್ಯಾಲಿಕಾ, ಡಮಾಸ್ಕ್, ಸೆಂಟಿಫೋಲಿಯಾ ಮುಂತಾದ ಆ ಹಳೆಯ ಬಗೆಗಳಲ್ಲಿ ಒತ್ತೊತ್ತಾಗಿ ಮಡಿಸಿದ ಎಸಳು, ಗಾಢವಾದ ಪರಿಮಳ ಎರಡೂ ಇದ್ದವು. ಆದರೆ ಹೆಚ್ಚಿನವು ಹೂ ಬಿಡುತ್ತಿದ್ದದ್ದು ವರ್ಷಕ್ಕೆ ಒಂದೇ ಸಲ. ಹೊಸ ಕಾಲದ ಹೈಬ್ರಿಡ್ ಟೀ, ಫ್ಲೋರಿಬಂಡಾಗಳು ಮತ್ತೆ ಮತ್ತೆ ಹೂ ಕೊಡುತ್ತಿದ್ದವು, ಹಳದಿ–ಕಿತ್ತಳೆ ಬಣ್ಣಗಳೂ ಅವುಗಳಲ್ಲಿ ಧಾರಾಳವಾಗಿದ್ದವು. ಎರಡನ್ನೂ ಕೂಡಿಸಬೇಕೆಂದು ಹೊರಟ ಆಸ್ಟಿನ್, ‘ಬೆಲ್ ಈಸಿಸ್’ ಎಂಬ ಗ್ಯಾಲಿಕಾ ಗುಲಾಬಿಗೂ ‘ಡೇಂಟಿ ಮೇಡ್’ ಎಂಬ ಫ್ಲೋರಿಬಂಡಾಕ್ಕೂ ಸಂಕರ ಮಾಡಿದರು. 1961ರಲ್ಲಿ ಹೊರಬಂದ ‘ಕಾನ್‌ಸ್ಟನ್ಸ್ ಸ್ಪ್ರೈ’ ಹುಟ್ಟಿದ್ದು ಹಾಗೆ. ಗುಲಾಬಿ ಬಣ್ಣದ ದೊಡ್ಡ ಬಟ್ಟಲು ಹೂ, ಅಪರೂಪದ ಪರಿಮಳ. ಆದರೆ ಅದೂ ವರ್ಷಕ್ಕೊಮ್ಮೆಯೇ ಅರಳುತ್ತಿತ್ತು. ಪದೇ ಪದೇ ಹೂ ಬಿಡುವ ಮೊದಲ ತಳಿಗಳು ಬರಲು 1969 ಆಗಬೇಕಾಯಿತು. ಇಂಗ್ಲಿಷ್ ಗುಲಾಬಿ ಎಂದು ಕರೆಯುವ ಈ ತಳಿಗಳನ್ನು ಜಗತ್ತು ಗಮನಿಸಿದ್ದು 1983ರಲ್ಲಿ, ಲಂಡನ್ನಿನ ಚೆಲ್ಸಿ ಪುಷ್ಪ ಪ್ರದರ್ಶನದಲ್ಲಿ ‘ಗ್ರಹಾಂ ಥಾಮಸ್’ ಮತ್ತು ‘ಮೇರಿ ರೋಸ್’ ಕಾಣಿಸಿಕೊಂಡಾಗ. ಈಗ ಫ್ರಾನ್ಸಿನ ಡೆಲ್‌ಬಾರ್, ಗಿಯೋ ಮನೆತನಗಳೂ ಇದೇ ಬಗೆಯ, ತುಂಬು ಎಸಳಿನ ಸುವಾಸನೆಯ ಗುಲಾಬಿಗಳನ್ನು ತರುತ್ತವೆ. ಹಾಗಾಗಿ ಆಯ್ಕೆ ಒಬ್ಬರ ಪಟ್ಟಿಗೇ ಸೀಮಿತವಲ್ಲ.

ಕ್ಯಾಟಲಾಗ್ ಓದಿ ಪರಿಮಳ ಆರಿಸಲು ಆಗುವುದಿಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ. ಎಲ್ಲ ಹೂವಿನ ಕೆಳಗೂ ‘ಗಾಢ ಸುವಾಸನೆ’ ಎಂದು ಬರೆದಿರುತ್ತದೆ, ಅದು ಯಾವ ಸುವಾಸನೆ ಅನ್ನುವುದು ಮೂಗಿಗೇ ಗೊತ್ತಾಗಬೇಕು. ಗಿಡ ತರುವ ಮುಂಚೆ ಗುಲಾಬಿ ತೋಟಗಳಿಗೆ ಹೋಗಿ ಮೂಸಿ ನೋಡುವುದನ್ನೇ ಒಂದು ಕೆಲಸ ಮಾಡಿಕೊಂಡೆ. ಚಿಕ್ಕ ಪುಸ್ತಕದಲ್ಲಿ ಹೆಸರು, ಹೊತ್ತು, ಹೂ ಎಷ್ಟು ಅರಳಿತ್ತು, ವಾಸನೆ ಏನನ್ನು ನೆನಪಿಸಿತು ಎಂದು ಬರೆದಿಟ್ಟುಕೊಳ್ಳುತ್ತಿದ್ದೆ. ಒಂದೇ ಸಮನೆ ಮೂಸುತ್ತಾ ಹೋದರೆ ಮೂಗು ಮಂಕಾಗುತ್ತದೆ. ನಡುವೆ ಸ್ವಲ್ಪ ದೂರ ನಡೆದು, ನೀರು ಕುಡಿದು ಮತ್ತೆ ಬರಬೇಕು.

ಇಂಗ್ಲಿಷ್ ಗುಲಾಬಿಗಳ ಪರಿಮಳವನ್ನು ಬೆಳೆಗಾರರು ಮುಖ್ಯವಾಗಿ ಐದು ಬಗೆಯಾಗಿ ಹೇಳುತ್ತಾರೆ. ಮೊದಲನೆಯದು ಹಳೆ ಗುಲಾಬಿಯ ಪರಿಮಳ. ಪನ್ನೀರಿನ ವಾಸನೆ ಅಂದಾಗ ನಮಗೆ ತಕ್ಷಣ ಹೊಳೆಯುವುದು ಇದೇ. ಫಿನೈಲ್ ಎಥನಾಲ್ ಎಂಬ ದ್ರವ್ಯ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ಪನ್ನೀರಿನಲ್ಲಿ ಅದೇ ಮುಂದಾಗಿ ನಿಲ್ಲುತ್ತದೆ. ಅದರ ಜೊತೆಗೆ ಜೆರೇನಿಯಾಲ್, ಸಿಟ್ರೊನೆಲಾಲ್ ಸೇರಿದಾಗ ಹೂವಿನ ತುಂಬು ಪರಿಮಳವಾಗುತ್ತದೆ. ಎರಡನೆಯದು ಚಹಾ ಪರಿಮಳ, ಹೊಸದಾಗಿ ಬಿಚ್ಚಿದ ಚಹಾಪುಡಿ ಪೊಟ್ಟಣದ ಒಣ ಘಮ. ಇದು ಚೀನಾದ ಗುಲಾಬಿಗಳ ಕಡೆಯಿಂದ ಬಂದ ಬಳುವಳಿ. ಮೂರನೆಯದು ಹಣ್ಣಿನದು: ನಿಂಬೆ, ಪೀಚ್, ಸೀಬೆ, ರಾಸ್ಪ್‌ಬೆರಿ, ಒಂದೊಂದು ತಳಿಯಲ್ಲಿ ಒಂದೊಂದು. ನಾಲ್ಕನೆಯದು ಕಸ್ತೂರಿ ಪರಿಮಳ. ಉಳಿದವು ಎಸಳಿನಿಂದ ಹೊಮ್ಮಿದರೆ ಇದು ಮಾತ್ರ ಕೇಸರಗಳಿಂದ ಬರುತ್ತದೆ, ಅದಕ್ಕೇ ಕೇಸರ ಕಾಣುವಂತೆ ಅಗಲವಾಗಿ ಅರಳುವ ಹೂಗಳಲ್ಲಿ ಹೆಚ್ಚು. ಗಾಳಿಯಲ್ಲಿ ದೂರ ನಡೆದುಬರುವುದೂ ಇದೇ. ಐದನೆಯದು ಮಿರ್, ಒಂದು ಮರದ ಗೋಂದಿನ ಹೆಸರು ಹೊತ್ತ ಘಮ. ಇದರ ಬಗ್ಗೆ ಒಮ್ಮತವೇ ಇಲ್ಲ.

ಅಮ್ಮನನ್ನು ಒಂದು ಸಲ ಜೊತೆಗೆ ಕರೆದುಕೊಂಡು ಹೋಗಿದ್ದೆ. ‘ಬಾಸ್ಕೊಬೆಲ್’ ಹೂವಿನ ಹತ್ತಿರ ಬಗ್ಗಿದವರು ಹುಬ್ಬು ಗಂಟಿಕ್ಕಿದರು.

“ಇದು ಗುಲಾಬಿ ವಾಸನೆ ಅಲ್ಲ ಕಣೇ. ಯಾರೋ ಸೋಂಪು ಅಗಿದು ಊದಿದ ಹಾಗಿದೆ.”

“ಹೌದಮ್ಮ, ಅದೇ ಮಿರ್ ಅನ್ನೋದು. ಚೆನ್ನಾಗಿಲ್ವಾ?”

“ಚೆನ್ನಾಗಿಲ್ಲ ಅಂತ ಎಲ್ಲಿ ಹೇಳ್ದೆ? ಗುಲಾಬಿ ಅಲ್ಲ ಅಂದೆ ಅಷ್ಟೆ.”

ಅಷ್ಟು ಹೇಳಿ ಇನ್ನೊಂದು ಹೂ ಹುಡುಕಿಕೊಂಡು ಮತ್ತೆ ಬಗ್ಗಿದರು. ನನಗೆ ಮೊದಲ ಉಸಿರಿಗೇ ಹಿಡಿಸಿದ ಪರಿಮಳ ಅದು. ಕೆಲವರಿಗೆ ಔಷಧಿಯ ವಾಸನೆಯಂತೆ ಬಡಿಯುತ್ತದೆ, ಕೆಲವರಿಗೆ ಏನೂ ತಿಳಿಯುವುದೇ ಇಲ್ಲ. ಮನೆಯಲ್ಲಿ ಎಲ್ಲರೂ ಅನುಭವಿಸುವ ಗಿಡ ಬೇಕಾದರೆ ಮಿರ್ ಒಂದನ್ನೇ ನಂಬಿ ಕೂರಬಾರದು. ಬಗೆಗೊಂದರಂತೆ ತಂದರೆ ಒಂದಲ್ಲ ಒಂದು ಎಲ್ಲರಿಗೂ ಒಲಿಯುತ್ತದೆ ಎಂದು ಅಲ್ಲೇ ತೀರ್ಮಾನಿಸಿದೆ.

ಆರಿಸಿದ್ದು ನಾಲ್ಕು. ಹಳೆ ಗುಲಾಬಿಯ ಪರಿಮಳಕ್ಕೆ ‘ಗರ್ಟ್ರೂಡ್ ಜೀಕಲ್’. 1986ರ ತಳಿ, ಹೆಸರಾಂತ ಉದ್ಯಾನ ವಿನ್ಯಾಸಕಿಯ ಹೆಸರಿನದು; ಇದನ್ನು ಹೆತ್ತ ತಳಿಗಳಲ್ಲಿ ‘ಕಾಂತ್ ದ ಶಾಂಬೋರ್’ ಎಂಬ ಹಳೆಯ ಪೋರ್ಟ್‌ಲೆಂಡ್ ಗುಲಾಬಿ ಇದೆ, ಪರಿಮಳದಲ್ಲಿ ಅದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಮುಳ್ಳು ಜಾಸ್ತಿ. ಚಹಾ ಪರಿಮಳಕ್ಕೆ ‘ಗ್ರಹಾಂ ಥಾಮಸ್’, ಹಳೆಯ ಗುಲಾಬಿಯ ಆಕಾರದಲ್ಲಿ ಹಿಂದೆ ಸಿಗದಿದ್ದ ಅಚ್ಚ ಹಳದಿ. ಇದನ್ನು 2009ರಲ್ಲಿ ಜಾಗತಿಕ ಗುಲಾಬಿ ಸಂಘಗಳ ಒಕ್ಕೂಟ ವಿಶ್ವದ ಮೆಚ್ಚಿನ ಗುಲಾಬಿ ಎಂದು ಆರಿಸಿತು. ಮಿರ್‌ಗೆ ‘ಬಾಸ್ಕೊಬೆಲ್’. ಹಣ್ಣಿನ ಪರಿಮಳಕ್ಕೆ ‘ಪ್ರಿನ್ಸೆಸ್ ಅಲೆಕ್ಸಾಂಡ್ರಾ ಆಫ್ ಕೆಂಟ್’. ಇದರ ಚಂದವೇ ಬೇರೆ: ಅರಳುವಾಗ ಚಹಾದ ಘಮ, ಹೂ ಬಲಿತ ಹಾಗೆ ನಿಂಬೆಯತ್ತ ತಿರುಗುತ್ತದೆ. ಒಂದೇ ಗಿಡದಲ್ಲಿ ಹೊಸ ಹೂವನ್ನೂ ಹಳೆ ಹೂವನ್ನೂ ಒಂದರ ಹಿಂದೆ ಒಂದು ಮೂಸಿದರೆ ವ್ಯತ್ಯಾಸ ಸ್ಪಷ್ಟ.

‘ಅಬ್ರಹಾಂ ಡಾರ್ಬಿ’ಯ ಹಣ್ಣಿನ ಪರಿಮಳ ತುಂಬಾ ಹಿಡಿಸಿತ್ತು, ಆದರೂ ಬಿಟ್ಟೆ. ಕಪ್ಪು ಚುಕ್ಕೆ ರೋಗ ಅದನ್ನು ಸುಲಭಕ್ಕೆ ಹಿಡಿಯುತ್ತದೆ. ಎಲೆ ಉದುರಿದ ಗಿಡ ಹೂ ಕಟ್ಟಲು ಶಕ್ತಿ ತರುವುದೆಲ್ಲಿಂದ? ಪರಿಮಳ ನೋಡುವಾಗ ಗಿಡದ ಆರೋಗ್ಯವನ್ನೂ ಅಷ್ಟೇ ತೂಗಿ ನೋಡಬೇಕು. ಈಚಿನ ತಳಿಗಳಲ್ಲಿ, ಉದಾಹರಣೆಗೆ 2014ರ ‘ಒಲಿವಿಯಾ ರೋಸ್ ಆಸ್ಟಿನ್’ನಲ್ಲಿ, ರೋಗ ತಡೆಯುವ ಗುಣ ಮೇಲುಗೈ ಪಡೆದಿದೆ, ಮದ್ದು ಹೊಡೆಯಲು ಪುರುಸೊತ್ತಿಲ್ಲದವರು ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಗಿಡ ಕೊಳ್ಳುವಾಗ ಕೆಲಸಕ್ಕೆ ಬಂದ ಒಂದು ವಿಷಯ ಹೇಳಲೇಬೇಕು. ಆಸ್ಟಿನ್ ತಳಿಗಳಿಗೆ ಮಾರಾಟದ ಹೆಸರಲ್ಲದೆ ನೋಂದಣಿಯ ಹೆಸರೊಂದು ಇರುತ್ತದೆ, ಅದು ‘ಆಸ್’ ಎಂದೇ ಶುರುವಾಗುತ್ತದೆ. ಗರ್ಟ್ರೂಡ್ ಜೀಕಲ್ ಅಂದರೆ ‘ಆಸ್‌ಬೋರ್ಡ್’, ಗ್ರಹಾಂ ಥಾಮಸ್ ‘ಆಸ್‌ಮಾಸ್’, ಮೇರಿ ರೋಸ್ ‘ಆಸ್‌ಮೇರಿ’. ಚೀಟಿಯಲ್ಲಿ ಇದು ಇದೆಯೇ ಎಂದು ನೋಡಿದೆ. ಒತ್ತೆಸಳಿನ ಯಾವುದೋ ಗುಲಾಬಿಗೆ ‘ಇಂಗ್ಲಿಷ್ ಗುಲಾಬಿ’ ಎಂದು ಬರೆದು ಮಾರುವವರೂ ಇದ್ದಾರೆ. ನೋಡಲು ಹಾಗೇ ಇದ್ದರೂ ಮೂಸಿದರೆ ಖಾಲಿ.

ಜಾಗ ಗೊತ್ತುಮಾಡಲು ನಾನು ಹೆಚ್ಚು ಹೊತ್ತು ತೆಗೆದುಕೊಂಡೆ. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು ಅನ್ನುವುದು ಎಲ್ಲರಿಗೂ ತಿಳಿದದ್ದೇ. ಅದು ಬೆಳಗಿನ ಬಿಸಿಲಾದರೆ ಎರಡು ಲಾಭ: ಎಲೆಯ ಮೇಲಿನ ಇಬ್ಬನಿ ಬೇಗ ಆರುತ್ತದೆ, ಹೂವೂ ಮಧ್ಯಾಹ್ನದ ಕಾವಿಗೆ ಬೇಯುವುದಿಲ್ಲ. ಪರಿಮಳಕ್ಕಾಗಿ ನೆಡುವವರು ಇದರ ಮೇಲೆ ಇನ್ನೂ ಎರಡು ನೋಡಬೇಕು. ಒಂದು ಗಾಳಿ. ಬಯಲಿನ ಗಾಳಿಗೆ ಒಡ್ಡಿ ನಿಲ್ಲಿಸಿದರೆ ಹೊಮ್ಮಿದ ಘಮ ಹೊಮ್ಮಿದ ಹಾಗೇ ಹಾರಿಹೋಗುತ್ತದೆ. ಗೋಡೆಯ ಅಥವಾ ಬೇಲಿಯ ಮರೆಯಿದ್ದರೆ ಅಲ್ಲೇ ತಂಗುತ್ತದೆ. ಹಾಗೆಂದು ಗೋಡೆಗೆ ಅಂಟಿಸಿ ನೆಟ್ಟರೆ ಗಾಳಿಯಾಡದೆ ಬೂದಿ ರೋಗಕ್ಕೆ ದಾರಿ. ಸುಮಾರು ಅರ್ಧ ಮೀಟರಿನಾಚೆ ನೆಟ್ಟೆ. ಇನ್ನೊಂದು, ನಾವು ಓಡಾಡುವ ದಾರಿ. ತೋಟದ ಮೂಲೆಯಲ್ಲಿ ಎಷ್ಟು ಚಂದದ ಹೂ ಬಿಟ್ಟರೂ ಮೂಗಿಗೆ ಸಿಗದಿದ್ದರೆ ಏನು ಬಂತು? ಬಟ್ಟೆ ಒಣಹಾಕಲು ಹೋಗುವ ದಾರಿಯ ಪಕ್ಕ ಗರ್ಟ್ರೂಡ್ ಜೀಕಲ್, ಕೂತು ಓದುವ ಕಟ್ಟೆಯ ಬಳಿ ಬಾಸ್ಕೊಬೆಲ್. ಗ್ರಹಾಂ ಥಾಮಸ್ ಎತ್ತರಕ್ಕೆ ಏರುವ ಗಿಡವಾದ್ದರಿಂದ ಬೇಲಿಗೆ ಹೋಯಿತು. ಪ್ರಿನ್ಸೆಸ್ ಅಲೆಕ್ಸಾಂಡ್ರಾ ಕುಂಡಕ್ಕೆ. ಕುಂಡ ಅಗಲ ಆಳ ಎರಡೂ 45 ಸೆಂಟಿಮೀಟರ್‌ಗೆ ಕಡಿಮೆಯಿರಬಾರದು. ಇನ್ನೂ ದೊಡ್ಡದಾದರೆ ಗಿಡ ಇನ್ನೂ ಸುಖವಾಗಿರುತ್ತದೆ.

ಹಿಂದೆ ಗುಲಾಬಿ ಇದ್ದ ಗುಂಡಿಯಲ್ಲೇ ಹೊಸ ಗುಲಾಬಿ ನೆಟ್ಟರೆ ಹಲವು ಸಲ ಏಳುವುದೇ ಇಲ್ಲ, ಮಣ್ಣು ಬದಲಿಸಬೇಕಾಗುತ್ತದೆ. ನನ್ನದು ಹೊಸ ಜಾಗವಾದ್ದರಿಂದ ಆ ತೊಂದರೆ ಇರಲಿಲ್ಲ. ಮಣ್ಣಿನ ಪರೀಕ್ಷೆ ಮಾಡಿಸಿದೆ. ಗುಲಾಬಿಗೆ ತುಸು ಹುಳಿ ಮಣ್ಣು ಹಿತ, ರಸಸಾರ (pH) 6ರಿಂದ 6.5ರ ಆಸುಪಾಸು. ಸುಣ್ಣದಂಶ ಹೆಚ್ಚಾದರೆ ಗಿಡಕ್ಕೆ ಕಬ್ಬಿಣ ಸಿಗದೆ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಗುಂಡಿಯನ್ನು ಅರ್ಧ ಮೀಟರ್ ಅಗಲ ಆಳಕ್ಕೆ ತೋಡಿ, ತಳವನ್ನು ಹಾರೆಯಿಂದ ಸಡಿಲ ಮಾಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮೇಲ್ಮಣ್ಣಿಗೆ ಬೆರೆಸಿ ತುಂಬಿದೆ. ಮಣ್ಣಿಲ್ಲದೆ ಬರಿಬೇರಿನಲ್ಲಿ ಬಂದ ಗಿಡಗಳನ್ನು ನೆಡುವ ಮುಂಚೆ ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಬೇರು ಮುಳುಗುವಂತೆ ಇಟ್ಟಿದ್ದೆ. ಒಣಗಿದ ಕಡ್ಡಿಯಂತಿದ್ದ ಬೇರು ಬೆಳಗಾಗುವಷ್ಟರಲ್ಲಿ ಬಳುಕುತ್ತಿತ್ತು.

ಒಳ್ಳೆಯ ತಳಿಯನ್ನು ಕಾಡುಗುಲಾಬಿಯ ಬೇರಿಗೆ ಕೂಡಿಸಿದ ಕಸಿಗಂಟನ್ನು ಎಷ್ಟು ಆಳಕ್ಕೆ ಇಡಬೇಕು ಅನ್ನುವುದರಲ್ಲಿ ಪುಸ್ತಕಗಳು ಬೇರೆ ಬೇರೆ ಹೇಳುತ್ತವೆ. ಹಿಮ ಬೀಳುವ ಚಳಿಯ ನಾಡುಗಳಲ್ಲಿ ಐದು ಸೆಂಟಿಮೀಟರ್ ಮಣ್ಣೊಳಗೆ ಹೂತರೆ ಗಂಟಿಗೆ ರಕ್ಷಣೆ. ನೆಲ ಹೆಪ್ಪುಗಟ್ಟದ ಕಡೆ ಅದರ ಅಗತ್ಯವಿಲ್ಲ. ಮಣ್ಣಿನ ಮಟ್ಟದಲ್ಲೋ ತುಸು ಮೇಲೋ ಇದ್ದರೆ ಗಂಟು ಕೊಳೆಯುವುದಿಲ್ಲ, ಅದರಿಂದ ಹೊಸ ಕಡ್ಡಿಗಳೂ ಸಲೀಸಾಗಿ ಒಡೆಯುತ್ತವೆ. ನಾನು ಮೇಲೆಯೇ ಇಟ್ಟೆ. ಇದರಿಂದ ಇನ್ನೊಂದು ಅನುಕೂಲ: ಗಂಟಿನ ಕೆಳಗಿನಿಂದ, ಅಂದರೆ ಕಾಡುಗುಲಾಬಿಯ ಬೇರಿನಿಂದ, ಚಿಗುರು ಎದ್ದರೆ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಒಂದೊಂದು ತೊಟ್ಟಿನಲ್ಲಿ ಏಳು ಕಿರು ಎಲೆ ಇದ್ದರೆ ಕಾಡುಚಿಗುರು, ಐದಿದ್ದರೆ ಒಳ್ಳೆಯದು ಎಂಬ ಮಾತನ್ನು ನಂಬಲಾಗದು. ಒಳ್ಳೆಯ ತಳಿಯಲ್ಲೂ ಏಳೆಲೆ ಬರುವುದುಂಟು. ಚಿಗುರು ಎಲ್ಲಿಂದ ಹೊರಟಿದೆ ಎಂದು ಮಣ್ಣು ಸರಿಸಿ ನೋಡುವುದೇ ಸರಿಯಾದ ದಾರಿ. ಕಾಡುಚಿಗುರಾದರೆ ಕತ್ತರಿಸಬಾರದು, ಬುಡದಲ್ಲಿ ಹಿಡಿದು ಕಿತ್ತೇ ತೆಗೆಯಬೇಕು. ಕತ್ತರಿಸಿದರೆ ಅಲ್ಲೇ ಮತ್ತೆ ನಾಲ್ಕು ಹುಟ್ಟುತ್ತವೆ.

ಮೊದಲ ವರ್ಷ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಗಿಡ ಬೇರು ಬಿಡುವ ಹೊತ್ತಿಗೇ ಮೊಗ್ಗೂ ಕಟ್ಟುತ್ತದೆ. ಪ್ರತಿ ಗಿಡದಲ್ಲಿ ಒಂದೊಂದು ಹೂ ಅರಳಲು ಬಿಟ್ಟು, ಹೆಸರಿಗೆ ತಕ್ಕ ಗಿಡವೇ ಎಂದು ಖಾತ್ರಿ ಮಾಡಿಕೊಂಡು, ಉಳಿದ ಮೊಗ್ಗುಗಳನ್ನು ಬಟಾಣಿ ಗಾತ್ರದಲ್ಲಿದ್ದಾಗಲೇ ಚಿವುಟಿದೆ. ಆ ಮೊದಲ ಹೂಗಳ ಪರಿಮಳ ತೆಳುವಾಗಿತ್ತು. ಎಸಳೂ ಕಡಿಮೆ, ದಂಟೂ ಸಣ್ಣ, ಹೂ ಭಾರಕ್ಕೆ ಜೋತುಬೀಳುತ್ತಿತ್ತು. ಇದನ್ನು ನೋಡಿ ಗಿಡವೇ ಸರಿಯಿಲ್ಲ ಎಂದು ಕಿತ್ತು ಹಾಕುವವರನ್ನು ಕಂಡಿದ್ದೇನೆ, ಅಯ್ಯೋ ಅನ್ನಿಸುತ್ತದೆ. ತೋಟದಲ್ಲಿ ಮೂಸಿದ್ದ ಗರ್ಟ್ರೂಡ್ ಜೀಕಲ್‌ಗೂ ನನ್ನ ಗರ್ಟ್ರೂಡ್ ಜೀಕಲ್‌ಗೂ ಹೋಲಿಕೆ ಬಂದದ್ದು ಮೂರನೆಯ ವರ್ಷದಲ್ಲಿ, ಬುಡದಿಂದ ಬೆರಳು ದಪ್ಪದ ಕಡ್ಡಿಗಳು ಎದ್ದ ಮೇಲೆ.

ಬೆಚ್ಚಗಿನ ಹವೆಯಲ್ಲಿ ಇಂಗ್ಲಿಷ್ ಗುಲಾಬಿಗಳು ಕ್ಯಾಟಲಾಗ್ ಹೇಳುವ ಎತ್ತರವನ್ನು ಮೀರಿ ಬೆಳೆಯುತ್ತವೆ. ಇಂಗ್ಲೆಂಡಿನಲ್ಲಿ ಪೊದೆಯಾಗಿ ನಿಲ್ಲುವ ಗ್ರಹಾಂ ಥಾಮಸ್ ಇಲ್ಲಿ ಉದ್ದುದ್ದ ಕಡ್ಡಿಗಳನ್ನು ಆಕಾಶಕ್ಕೆ ಚಾಚಿ ತುದಿಯಲ್ಲಿ ಮಾತ್ರ ಹೂ ಇಟ್ಟಿತು. ಅಷ್ಟೆತ್ತರದ ಹೂವಿಗೆ ಮೂಗು ಮುಟ್ಟಿಸುವುದು ಹೇಗೆ? ಕತ್ತರಿಸಿ ಗಿಡ್ಡ ಮಾಡಿದರೆ ಮತ್ತೆ ಅಷ್ಟೇ ಉದ್ದಕ್ಕೆ ನೆಗೆಯುತ್ತದೆ. ಅದಕ್ಕೆ ಮದ್ದು ಬಗ್ಗಿಸುವುದು. ತುದಿಯ ಮೊಗ್ಗಿನಿಂದ ಇಳಿದುಬರುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಕಣ್ಣುಗಳನ್ನು ಏಳದಂತೆ ತಡೆಯುತ್ತಿರುತ್ತದೆ. ಕಡ್ಡಿಯನ್ನು ಅಡ್ಡಲಾಗಿ ಮಲಗಿಸಿ ಕಟ್ಟಿದರೆ ಆ ಹಿಡಿತ ಸಡಿಲುತ್ತದೆ, ಉದ್ದಕ್ಕೂ ಇರುವ ಕಣ್ಣುಗಳೆಲ್ಲ ಚಿಗುರೊಡೆಯುತ್ತವೆ. ಗಿಡಕ್ಕೆ ನೀರು ಹಾಕಿದ ಮರುದಿನ ಬೆಳಿಗ್ಗೆ, ಕಡ್ಡಿ ಬಳುಕುವಂತಿದ್ದಾಗ, ದಪ್ಪ ಕೈಗವಸು ತೊಟ್ಟು, ಒಂದೇ ಸಲಕ್ಕೆ ಬಗ್ಗಿಸದೆ ವಾರವಾರ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬೇಲಿಯ ತಂತಿಗೆ ಹಳೆ ಬಟ್ಟೆಯ ಪಟ್ಟಿಯಿಂದ ಕಟ್ಟಿದೆ. ತುದಿಯಲ್ಲಿ ಒಂದು ಗೊಂಚಲು ಬಿಡುತ್ತಿದ್ದ ಕಡ್ಡಿ ಗೆಣ್ಣು ಗೆಣ್ಣಿಗೂ ಕುಡಿಯೊಡೆದು ಸೊಂಟದೆತ್ತರದಲ್ಲಿ ಸಾಲಾಗಿ ಅರಳಿತು. ತೋಟಗಾರಿಕೆಯಲ್ಲಿ ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಫಲ ಕೊಟ್ಟದ್ದನ್ನು ನಾನು ಬೇರೆ ಕಂಡಿಲ್ಲ.

ಕಡ್ಡಿ ಕತ್ತರಿಸಿ ಗಿಡ ಸವರುವ ಕಾಲವೇ ಪರಿಮಳದ ಕಾಲವನ್ನು ನಿಶ್ಚಯಿಸುತ್ತದೆ. ಸವರಿದ ದಿನದಿಂದ ಹೂ ಅರಳಲು ಹವೆಗೆ ತಕ್ಕಂತೆ ಆರರಿಂದ ಎಂಟು ವಾರ ಹಿಡಿಯುತ್ತದೆ. ಉರಿಬಿಸಿಲಲ್ಲಿ ಅರಳಿದ ಹೂ ಚಿಕ್ಕದು, ಬೇಗ ಬಿಚ್ಚಿಕೊಂಡು ಬೇಗ ಉದುರುತ್ತದೆ, ಘಮವೂ ಕಾವಿಗೆ ಆರಿಹೋಗುತ್ತದೆ. ಜಡಿಮಳೆಯಲ್ಲಿ ಅರಳಿದ್ದು ಕೊಳೆಯುತ್ತದೆ. ಹಗಲು ಹಿತವಾಗಿ, ರಾತ್ರಿ ತಂಪಾಗಿ ಇರುವ ವಾರಗಳಲ್ಲಿ ಅರಳಿದ ಹೂವಿನ ಗಾತ್ರವೇ ಬೇರೆ, ಪರಿಮಳವೇ ಬೇರೆ. ಹಾಗಾಗಿ ಆ ವಾರಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಕತ್ತರಿ ಹಿಡಿಯುತ್ತೇನೆ. ಒಣಗಿದ ಕಡ್ಡಿ, ಒಂದಕ್ಕೊಂದು ಉಜ್ಜುವ ಕಡ್ಡಿ, ಪೆನ್ಸಿಲ್‌ಗಿಂತ ತೆಳುವಾದ ಕಡ್ಡಿ ಮೊದಲು ತೆಗೆದು, ಉಳಿದದ್ದನ್ನು ಮೂರರಲ್ಲಿ ಒಂದು ಪಾಲಿನಿಂದ ಅರ್ಧದವರೆಗೆ ತಗ್ಗಿಸುತ್ತೇನೆ. ಹೈಬ್ರಿಡ್ ಟೀ ಗಿಡಗಳನ್ನು ಕತ್ತರಿಸುವಂತೆ ಬುಡಮಟ್ಟ ಕತ್ತರಿಸಬಾರದು; ಇವು ಪೊದೆಯ ಗುಣದವು. ನಡುವೆ ಬಾಡಿದ ಹೂಗಳನ್ನು ಕೆಳಗಿನ ಮೊದಲ ಐದೆಲೆಯವರೆಗೆ ಕತ್ತರಿಸಿದರೆ ಮುಂದಿನ ಸುತ್ತು ತಡವಾಗುವುದಿಲ್ಲ.

ನೀರು, ಗೊಬ್ಬರದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ದಿನಾ ಚಿಮುಕಿಸುವುದಕ್ಕಿಂತ ಬಿಟ್ಟು ಬಿಟ್ಟು ಗಿಡಕ್ಕೆ ಐದು ಲೀಟರ್‌ನಷ್ಟು ನಿಧಾನವಾಗಿ ಬುಡಕ್ಕೆ ಇಳಿಸಿದರೆ ಬೇರು ಆಳಕ್ಕೆ ಹೋಗುತ್ತದೆ. ಕುಂಡದ ಗಿಡಕ್ಕೆ ಮಾತ್ರ ಬೇಸಗೆಯಲ್ಲಿ ದಿನವೂ ಬೇಕು. ಸಾರಜನಕದ ಗೊಬ್ಬರ ಅತಿಯಾದರೆ ಎಲೆ ಹುಲುಸು, ಚಿಗುರು ಮೆತ್ತಗೆ, ಗಿಡಹೇನಿಗೆ ಔತಣ. ಸವರಿದ ಮೇಲೆ ಒಮ್ಮೆ ಕಾಂಪೋಸ್ಟ್, ಮೊದಲ ಸುತ್ತು ಹೂ ಮುಗಿದ ಮೇಲೆ ಪೊಟ್ಯಾಶ್ ಇರುವ ಗುಲಾಬಿ ಗೊಬ್ಬರ, ಬುಡಕ್ಕೆ ಒಣ ಎಲೆಯ ಹೊದಿಕೆ.

ರೋಗದ ವಿಷಯ ಹಾಗೆ ಚಿಕ್ಕದಾಗಿ ಮುಗಿಯುವುದಿಲ್ಲ. ಕಪ್ಪು ಚುಕ್ಕೆ ಮೊದಲು ಕಾಣುವುದು ಕೆಳಗಿನ ಎಲೆಗಳಲ್ಲಿ: ಕಾಳುಮೆಣಸಿನಷ್ಟು ಕಪ್ಪು, ಅಂಚು ನೇರವಾಗಿರದೆ ಎಳೆ ಎಳೆಯಾಗಿ ಹರಡಿರುತ್ತದೆ, ಸುತ್ತ ಹಳದಿ ತಿರುಗುತ್ತದೆ, ಎಲೆ ಮುಟ್ಟಿದರೆ ಉದುರುತ್ತದೆ. ಈ ಶಿಲೀಂಧ್ರದ ಬೀಜಕಣ ಎಲೆಯೊಳಕ್ಕೆ ಇಳಿಯಬೇಕಾದರೆ ಎಲೆ ಏಳು ಗಂಟೆಯಷ್ಟಾದರೂ ಒದ್ದೆಯಾಗಿರಬೇಕು. ಸಂಜೆ ಎಲೆಯ ಮೇಲೆ ನೀರು ಹಾಕಿದರೆ ಆ ಏಳು ಗಂಟೆಯನ್ನು ನಾವೇ ಒದಗಿಸಿದಂತೆ. ಬೆಳಿಗ್ಗೆ, ಬುಡಕ್ಕೆ ಮಾತ್ರ ಹಾಕುವ ನಿಯಮ ಅದಕ್ಕೇ. ಉದುರಿದ ಎಲೆಗಳನ್ನು ಹೆಕ್ಕಿ ಹೊರಹಾಕುತ್ತೇನೆ, ಕಾಂಪೋಸ್ಟ್ ಗುಂಡಿಗೆ ಹಾಕುವುದಿಲ್ಲ. ಗಿಡದ ನಡುವಿನ ಕಡ್ಡಿಗಳನ್ನು ಬಿಡಿಸಿ ಗಾಳಿಯಾಡಲು ಬಿಟ್ಟ ಮೇಲೆ ರೋಗ ಹತೋಟಿಗೆ ಬಂದಿದೆ. ಕೆಳಗಿನ ಒಂದಷ್ಟು ಎಲೆ ಪ್ರತಿ ಮಳೆಗೂ ಹೋಗುತ್ತವೆ. ಅದಕ್ಕಾಗಿ ಗಿಡಕ್ಕೆಲ್ಲ ಮದ್ದು ಹೊಡೆಯುವುದು ನನಗೆ ಇಷ್ಟವಿಲ್ಲ, ಏಕೆಂದರೆ ಈ ಹೂಗಳನ್ನು ನಾವು ಮೂಗಿಗೆ ಒತ್ತಿ ಉಸಿರೆಳೆದುಕೊಳ್ಳುತ್ತೇವೆ. ಒಣ ಬಿಸಿಲಿನಲ್ಲಿ ಎಲೆಯಡಿ ಕೆಂಪುನುಸಿ ಬಂದಾಗ ಪೈಪಿನಿಂದ ಎಲೆಯ ತಳಭಾಗಕ್ಕೆ ರಭಸವಾಗಿ ನೀರು ಹಾಯಿಸುತ್ತೇನೆ, ಅದೂ ಬೆಳಿಗ್ಗೆಯೇ. ತಿಳಿಬಣ್ಣದ ಹೂವಿನ ಎಸಳಂಚು ಕಂದಿ ಕಾಣಿಸಿದರೆ ಥ್ರಿಪ್ಸ್ ಎಂಬ ಸಣ್ಣ ಕೀಟ. ಅಂಥ ಹೂವನ್ನು ಒಂದು ಬಿಳಿ ಕಾಗದದ ಮೇಲೆ ತಟ್ಟಿದರೆ ಎಳ್ಳಿಗಿಂತ ಸಣ್ಣ ನುಸಿಗಳು ಓಡಾಡುವುದು ಕಾಣುತ್ತದೆ.

ತುಂಬು ಎಸಳಿನ ಹೂಗಳಿಗೆ ಮಾತ್ರ ಬರುವ ಸಂಕಟ ಇನ್ನೊಂದಿದೆ. ಮೊಗ್ಗು ಬಿರಿಯುವ ಹೊತ್ತಿಗೆ ಮಳೆ ಹಿಡಿದು, ಆಮೇಲೆ ಬಿಸಿಲು ಬಂದರೆ ಹೊರಗಿನ ಎಸಳುಗಳು ಒಂದಕ್ಕೊಂದು ಅಂಟಿ ಒಣಗುತ್ತವೆ. ಒಳಗೆ ನೂರು ಎಸಳು ಸಿದ್ಧವಾಗಿದ್ದರೂ ಹೊರಬರಲು ದಾರಿಯಿಲ್ಲದೆ ಮೊಗ್ಗು ನೆನೆದ ಕಾಗದದ ಉಂಡೆಯಾಗಿ ಕೊಳೆಯುತ್ತದೆ. ಬೇಗ ಗಮನಿಸಿದರೆ ಉಳಿಸಬಹುದು. ಕಂದಿದ ಹೊರ ಎಸಳನ್ನು ಉಗುರಿನಿಂದ ಮೆಲ್ಲಗೆ ಸುಲಿದರೆ ಸಾಕು, ಒಳಗಿನವು ಒಂದೆರಡು ದಿನದಲ್ಲಿ ತಾವಾಗಿ ಬಿಚ್ಚಿಕೊಳ್ಳುತ್ತವೆ. ಮಳೆ ಜಾಸ್ತಿ ಇರುವ ಕಡೆಯವರು ಎಸಳು ಸ್ವಲ್ಪ ಕಡಿಮೆಯಿರುವ, ಸಡಿಲವಾಗಿ ಅರಳುವ ತಳಿ ಆರಿಸಿಕೊಳ್ಳಲಿ. ‘ಮೇರಿ ರೋಸ್’ ಹಾಗೂ ಅದರದೇ ಕೊಂಬೆಯಲ್ಲಿ ತಾನಾಗಿ ಹುಟ್ಟಿಕೊಂಡ ಬಿಳಿ ‘ವಿಂಚೆಸ್ಟರ್ ಕೆಥೀಡ್ರಲ್’ ಆ ಲೆಕ್ಕದಲ್ಲಿ ಒಳ್ಳೆಯವು.

ಪರಿಮಳದ ಹೊತ್ತು ಹಿಡಿಯಲು ಒಂದು ಗರ್ಟ್ರೂಡ್ ಜೀಕಲ್ ಮೊಗ್ಗನ್ನು ಬೆನ್ನುಹತ್ತಿದ್ದೆ. ಬಣ್ಣ ಇಣುಕುವ ಮೊಗ್ಗಿನಲ್ಲಿ ಬರೀ ಹಸಿರು ವಾಸನೆ. ಹೊರ ಎಸಳು ಹಿಂದಕ್ಕೆ ಬಾಗಿ, ನಡುವಿನವು ಇನ್ನೂ ಸುರುಳಿ ಬಿಚ್ಚದಿರುವಾಗ ಘಮ ಮೊದಲ ಬಾರಿ ಏಳುತ್ತದೆ. ಹೂ ಅರ್ಧ ದಾಟಿ ಅರಳಿ, ಎಸಳುಗಳು ನಾಲ್ಕು ಪಾಲಾಗಿ ಸುರುಳಿಗಟ್ಟಿ ನಿಂತಾಗ ಅದರ ತುತ್ತತುದಿ. ಬಣ್ಣ ಮಾಸಿ ಕೇಸರ ಕಂದುವಷ್ಟರಲ್ಲಿ ಎಸಳಿನಲ್ಲಿ ಉಳಿಯುವುದು ಒಣಹುಲ್ಲಿನಂಥ ಸಿಹಿ ಮಾತ್ರ. ದಿನದಲ್ಲೂ ಹಾಗೆಯೇ ಏರಿಳಿತ. ಮುಂಜಾನೆಯ ಚಳಿಯಲ್ಲಿ ಘಮ ಎಸಳೊಳಗೇ ಇರುತ್ತದೆ. ಇಬ್ಬನಿ ಆರಿ, ಎಸಳಿಗೆ ಬಿಸಿಲು ತಾಗಿ, ಗಾಳಿ ಇನ್ನೂ ಏಳದಿರುವ ಬೆಳಗಿನ ಎಂಟರಿಂದ ಹತ್ತು ಗಂಟೆ ನಡುವೆ ಹೂವಿನ ಬಳಿ ಬಗ್ಗುವುದೇ ಬೇಡ, ದಾರಿಯಲ್ಲಿ ನಡೆದರೆ ಸಾಕು. 2015ರಲ್ಲಿ ಫ್ರೆಂಚ್ ವಿಜ್ಞಾನಿಗಳ ತಂಡ ಗುಲಾಬಿಯಲ್ಲಿ ಜೆರೇನಿಯಾಲ್ ತಯಾರಾಗುವ ದಾರಿಯನ್ನು ಕಂಡುಹಿಡಿದು ಪ್ರಕಟಿಸಿತು. ಬೇರೆ ಗಿಡಗಳಲ್ಲಿ ಆ ಕೆಲಸ ಮಾಡುವ ಕಿಣ್ವದ ಬದಲು ಇಲ್ಲಿ ‘ನ್ಯೂಡಿಕ್ಸ್’ ಎಂಬ ಬೇರೆಯೇ ಗುಂಪಿನ ಕಿಣ್ವ ಎಸಳಿನ ಕೋಶಗಳಲ್ಲಿ ಕೆಲಸ ಮಾಡುತ್ತದೆ. ವಾಸನೆಯಿಲ್ಲದ ತಳಿಗಳಲ್ಲಿ ಅದರ ಜೀನು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಇದನ್ನು ಓದಿದ ಮೇಲೆ ವಾಸನೆಯಿಲ್ಲದ ಗುಲಾಬಿಗೆ ಗೊಬ್ಬರ ಹಾಕಿ ಪರಿಮಳ ತರಿಸುವ ಸಲಹೆಗಳಿಗೆ ಕಿವಿಗೊಡುವುದನ್ನು ಬಿಟ್ಟೆ. ತಳಿಯಲ್ಲಿ ಇದ್ದರೆ ಉಂಟು. ನಮ್ಮ ಆರೈಕೆ ಇರುವುದನ್ನು ಪೂರ್ತಿ ಹೊರತರಬಲ್ಲದು, ಇಲ್ಲದ್ದನ್ನು ಹುಟ್ಟಿಸಲಾರದು.

ಮನೆಯೊಳಗೆ ಇಡುವ ಹೂವನ್ನು ಬಿಸಿಲೇರುವ ಮೊದಲು, ಮೂರನೇ ಒಂದು ಪಾಲು ಅರಳಿದ್ದಾಗ ಕತ್ತರಿಸುತ್ತೇನೆ. ಕೆಳಗಿನ ಎಲೆ ತೆಗೆದು, ದಂಟನ್ನು ಓರೆಯಾಗಿ ಕತ್ತರಿಸಿ, ಕತ್ತಿನವರೆಗೆ ನೀರಿನಲ್ಲಿ ಒಂದೆರಡು ಗಂಟೆ ತಂಪಿನಲ್ಲಿಟ್ಟು ಆಮೇಲೆ ಹೂದಾನಿಗೆ. ಎರಡು ಮೂರು ದಿನ ಕೋಣೆ ತುಂಬಿರುತ್ತದೆ, ಅದಕ್ಕಿಂತ ಹೆಚ್ಚು ಇವುಗಳಿಂದ ನಿರೀಕ್ಷಿಸಬಾರದು. ಅಮ್ಮ ಈಗ ಬಾಸ್ಕೊಬೆಲ್ ಹೂಗಳನ್ನೇ ಕೇಳಿ ತೆಗೆದುಕೊಂಡು ಹೋಗುತ್ತಾರೆ. ಐದು ಬಗೆಗಳಲ್ಲಿ ಕಸ್ತೂರಿ ಒಂದು ಬಾಕಿ ಇದೆ. ಅದಕ್ಕೆ 2002ರ ‘ದಿ ಜನರಸ್ ಗಾರ್ಡನರ್’ ಗೊತ್ತುಮಾಡಿದ್ದೇನೆ: ತಿಳಿಗುಲಾಬಿ ಬಣ್ಣ, ಹಬ್ಬುವ ಗಿಡ, ಹಳೆ ಗುಲಾಬಿ, ಕಸ್ತೂರಿ, ಮಿರ್ ಮೂರೂ ಕಲೆತ ಪರಿಮಳ. ಮಲಗುವ ಕೋಣೆಯ ಕಿಟಕಿಯ ಪಕ್ಕ ತಂತಿ ಎಳೆದಾಗಿದೆ, ಗುಂಡಿಗೆ ಗೊಬ್ಬರ ಬೆರೆಸಿ ನೀರು ಬಿಟ್ಟಿದ್ದೇನೆ. ಮಣ್ಣು ಕುಳಿತ ಕೂಡಲೇ ನೆಡುವುದು.